ನೀರುನಾಯಿಗೆ ಹೊಳೆ, ಪತಂಗಕ್ಕೆ ಗಿಡ: ಎರಡು ಜೀವಿಗಳ ಉತಾರ ಓದುವ ಬಗೆ

ಮುಂಗಾರು ಹಿಡಿದರೆ ಸಾಕು, ಬೆಳಗಾವಿ ಕಡೆಯ ಮೊಬೈಲುಗಳಲ್ಲಿ ಎರಡು ಬಗೆಯ ಚಿತ್ರಗಳು ಓಡಾಡುತ್ತವೆ. ಒಂದರಲ್ಲಿ ಖಾನಾಪುರದ ಕಡೆ ಯಾರದೋ ಮನೆಯ ಗೋಡೆಗೆ ಅಂಟಿ ಕೂತ, ಅಂಗೈಗಿಂತ ಅಗಲವಾದ ಇಟ್ಟಿಗೆ ಬಣ್ಣದ ಪತಂಗ. ಇನ್ನೊಂದರಲ್ಲಿ ಹೊಳೆಯ ಬಂಡೆ ಮೇಲೆ ಮೈ ಒಣಗಿಸಿಕೊಳ್ಳುತ್ತಿರುವ ಕಂದು ಪ್ರಾಣಿಗಳ ಹಿಂಡು. ಮೊದಲನೆಯದಕ್ಕೆ 'ಅಳಿವಿನಂಚಿನ ಅಪರೂಪದ ಚಿಟ್ಟೆ' ಎಂಬ ಒಕ್ಕಣೆ ಇರುತ್ತದೆ. ಎರಡನೆಯದಕ್ಕೆ 'ನೀರಿನ ಮುಂಗುಸಿ' ಎಂದೋ 'ಮೊಸಳೆ ಮರಿ' ಎಂದೋ ಬರೆದಿರುತ್ತಾರೆ.

ಮೊದಲನೆಯದು ಚಿಟ್ಟೆ ಅಲ್ಲ. ಅದು ಅಳಿವಿನಂಚಿನಲ್ಲಿದೆ ಎಂದು ಯಾವ ಲೆಕ್ಕದ ಮೇಲೆ ಹೇಳಿದರೋ ಯಾರೂ ಕೇಳುವುದಿಲ್ಲ. ಎರಡನೆಯದು ನೀರುನಾಯಿ, ಅದರ ಲೆಕ್ಕ ನಿಜಕ್ಕೂ ಇದೆ. ಈ ಎರಡು ಜೀವಿಗಳನ್ನು ಪಕ್ಕಪಕ್ಕ ಇಟ್ಟರೆ 'ವರ್ಗೀಕರಣ', 'ಸಂರಕ್ಷಣೆ' ಎಂಬ ಎರಡು ಮಾತು ಹೇಗೆ ಕೆಲಸ ಮಾಡುತ್ತವೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ.

ವರ್ಗೀಕರಣ ಎಂಬ ಉತಾರ

ಹೊಲದ ಉತಾರ, ಅಂದರೆ ಪಹಣಿ, ತೆಗೆದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ. ಜೀವಿಗಳ ಉತಾರವೂ ಹಾಗೆಯೇ: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ. ಕೊನೆಯ ಎರಡು ಸೇರಿದರೆ ಆ ಜೀವಿಯ ವೈಜ್ಞಾನಿಕ ಹೆಸರು. ಪ್ರಾಣಿಗಳಿಗೆ ಈ ಎರಡು ಪದದ ಹೆಸರಿಡುವ ಪದ್ಧತಿ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಲೆಕ್ಕಕ್ಕೆ ಬರುತ್ತದೆ.

ಹೊಲದ ಉತಾರಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಹೊಲದ ಉತಾರ ನೆಲದ ವಿಳಾಸ ಹೇಳುತ್ತದೆ, ಜೀವಿಗಳದ್ದು ರಕ್ತಸಂಬಂಧ ಹೇಳುತ್ತದೆ. ಒಂದೇ ಊರಲ್ಲಿ ಇರುವವರೆಲ್ಲ ಬಂಧುಗಳಲ್ಲ. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳಿವೆ. ಎರಡು ಊರಿನ ಎರಡು ಉಳ್ಳಾಗಡ್ಡಿ ಮನೆತನಗಳು ನೆಂಟರೇ ಆಗಿರಬೇಕೆಂದಿಲ್ಲ. 'ಸಿಹಿನೀರಿನ ಸಸ್ತನಿ' ಎಂಬುದೂ ಇಂಥದೇ ಅಡ್ಡಹೆಸರು. ಅದರೊಳಗೆ ನೀರುನಾಯಿ ಬರುತ್ತದೆ, ಗಂಗಾ ನದಿಯ ಡಾಲ್ಫಿನ್ ಕೂಡ ಬರುತ್ತದೆ. ಆದರೆ ಡಾಲ್ಫಿನ್ನಿನ ಹತ್ತಿರದ ನೆಂಟ ನೀರ್ಗುದುರೆ, ದೂರದ ನೆಂಟರಲ್ಲಿ ಆಕಳು, ಎಮ್ಮೆ. ನೀರುನಾಯಿ ಬೇರೆಯೇ ಮನೆ.

ನೀರುನಾಯಿ ಮತ್ತು ಪತಂಗ ಒಂದೇ ಸಾಲಿನಲ್ಲಿ ನಿಲ್ಲುವುದು 'ಪ್ರಾಣಿ ಸಾಮ್ರಾಜ್ಯ'ದಲ್ಲಿ ಮಾತ್ರ. ಅದರ ಕೆಳಗಿನ ಮೆಟ್ಟಿಲಲ್ಲೇ ದಾರಿ ಒಡೆಯುತ್ತದೆ. ನೀರುನಾಯಿ ಬೆನ್ನುಹುರಿ ಉಳ್ಳವುಗಳ ವಂಶ, ಪತಂಗ ಸಂಧಿಪದಿಗಳ ವಂಶ, ಅಂದರೆ ಏಡಿ, ಚೇಳು, ಜೇಡಗಳ ಬಳಗ. ಎರಡರ ಸಮಾನ ಪೂರ್ವಜ ಬದುಕಿದ್ದದ್ದು 50 ಕೋಟಿ ವರ್ಷಗಳಿಗೂ ಹಿಂದೆ. ಒಂದಕ್ಕೆ ಎಲುಬು ಒಳಗೆ, ಇನ್ನೊಂದಕ್ಕೆ ಗಟ್ಟಿ ಕವಚ ಹೊರಗೆ. ಹಾಗಾಗಿ ಪತಂಗದ ಹುಳು ಬೆಳೆಯಬೇಕೆಂದರೆ ಚಿಕ್ಕದಾದ ಅಂಗಿ ಬಿಚ್ಚಿದಂತೆ ಮತ್ತೆ ಮತ್ತೆ ಪೊರೆ ಕಳಚಬೇಕು.

ನೀರುನಾಯಿ ಯಾರ ನೆಂಟ?

ವರ್ಗ ಸಸ್ತನಿ, ಗಣ ಮಾಂಸಾಹಾರಿ, ಕುಟುಂಬ ಮಸ್ಟೆಲಿಡೇ. ಈ ಕುಟುಂಬದಲ್ಲಿ ತರಕರಡಿಯೂ ಇದೆ. ಮಾಂಸಾಹಾರಿ ಗಣಕ್ಕೆ ಎರಡು ದೊಡ್ಡ ಕವಲು: ನಾಯಿ ಕಡೆಯದು, ಬೆಕ್ಕಿನ ಕಡೆಯದು. ನೀರುನಾಯಿ ಬರುವುದು ನಾಯಿ ಕಡೆಯ ಕವಲಿನಲ್ಲಿ, ಕರಡಿ ಮತ್ತು ಸೀಲ್‌ಗಳ ಜೊತೆ. ಮುಂಗುಸಿ ಬರುವುದು ಬೆಕ್ಕಿನ ಕಡೆ. ನೀರುನಾಯಿ ನಾಯಿಯಲ್ಲವಾದರೂ ಹಿರಿಯರು ಇಟ್ಟ ಹೆಸರು ಮೊಬೈಲಿನ 'ನೀರಿನ ಮುಂಗುಸಿ'ಗಿಂತ ಸತ್ಯಕ್ಕೆ ಹತ್ತಿರವಿದೆ.

ಭಾರತದಲ್ಲಿ ನೀರುನಾಯಿಯ ಮೂರು ಪ್ರಭೇದಗಳಿವೆ. ನಯವಾದ ತುಪ್ಪಳದ ನೀರುನಾಯಿ, ಅಂದರೆ ಲುಟ್ರೊಗೇಲ್ ಪರ್ಸ್ಪಿಸಿಲೇಟಾ, 7ರಿಂದ 11 ಕಿಲೋ ತೂಗುತ್ತದೆ. ದೊಡ್ಡ ಹೊಳೆ, ಕೆರೆ, ಹಿನ್ನೀರಿಗೆ ಒಗ್ಗಿದ್ದು, ಗುಂಪಾಗಿ ಮೀನು ಹಿಡಿಯುತ್ತದೆ. ಬಾಲ ತುದಿಯ ಕಡೆ ಚಪ್ಪಟೆ. ಎರಡನೆಯದು ಸಣ್ಣ ಉಗುರಿನ ನೀರುನಾಯಿ, ಏಒನಿಕ್ಸ್ ಸಿನೇರಿಯಸ್. ಮೂರು ಕಿಲೋ ಆಸುಪಾಸಿನ ಇದು ಜಗತ್ತಿನ ನೀರುನಾಯಿಗಳಲ್ಲೇ ಅತಿ ಚಿಕ್ಕದು. ಏಡಿ ಇದರ ಮುಖ್ಯ ಊಟ, ಮಹದಾಯಿಯಂಥ ಘಟ್ಟದ ಹೊಳೆಗಳ ಕಲ್ಲುಸಂದಿ ಇದಕ್ಕೆ ತಕ್ಕ ಜಾಗ. ಮೂರನೆಯದು ಯುರೇಷಿಯದ ನೀರುನಾಯಿ, ಯುರೋಪಿನಿಂದ ಏಷ್ಯಾದುದ್ದಕ್ಕೂ ಹರಡಿಕೊಂಡದ್ದು.

ಮೂರನ್ನೂ 'ನೀರುನಾಯಿ' ಎಂದು ಒಂದೇ ಮಾತಲ್ಲಿ ಕರೆದರೆ ಸಂರಕ್ಷಣೆಯ ಲೆಕ್ಕ ತಪ್ಪುತ್ತದೆ. ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಎಂದು ಹೇಳುವ ಜಾಗತಿಕ ಕೆಂಪುಪಟ್ಟಿಯಲ್ಲಿ ಮೊದಲ ಎರಡು 'ದುರ್ಬಲ' ಸ್ಥಿತಿಯಲ್ಲಿವೆ, ಮೂರನೆಯದು 'ಅಪಾಯಕ್ಕೆ ಸಮೀಪ'. ಮೀನು ತಿನ್ನುವುದನ್ನು ಉಳಿಸಲು ಮಾಡುವ ಕೆಲಸ ಏಡಿ ತಿನ್ನುವುದಕ್ಕೆ ಸಾಲದು.

ಪತಂಗ ಎಂಬ ಒಂದು ಮನೆತನವೇ ಇಲ್ಲ

ಚಿಟ್ಟೆ, ಪತಂಗ ಎರಡೂ ಲೆಪಿಡಾಪ್ಟೆರಾ ಎಂಬ ಗಣಕ್ಕೆ ಸೇರಿದವು. ಹೆಸರಿನ ಅರ್ಥ 'ಹುರುಪೆಯ ರೆಕ್ಕೆ'. ರೆಕ್ಕೆ ಮುಟ್ಟಿದಾಗ ಬೆರಳಿಗೆ ಹತ್ತುವ ಪುಡಿ ಧೂಳಲ್ಲ, ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಹುರುಪೆ. ಈ ಗಣದಲ್ಲಿ ಇದುವರೆಗೆ ಹೆಸರಿಟ್ಟ ಪ್ರಭೇದಗಳು ಸುಮಾರು 1,60,000. ಅದರಲ್ಲಿ ಚಿಟ್ಟೆಗಳು ಸುಮಾರು 18,000, ಉಳಿದದ್ದೆಲ್ಲ ಪತಂಗ.

ಇಲ್ಲೊಂದು ಸ್ವಾರಸ್ಯವಿದೆ. ಚಿಟ್ಟೆಗಳು ಪತಂಗಗಳ ದೊಡ್ಡ ಆಲದ ಮರದಲ್ಲಿ ಚಾಚಿದ ಒಂದು ಕೊಂಬೆ. ಆ ಕೊಂಬೆಯನ್ನು ಬಿಟ್ಟು ಮಿಕ್ಕ ಮರಕ್ಕೆಲ್ಲ ನಾವು 'ಪತಂಗ' ಎನ್ನುತ್ತೇವೆ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮಾತ್ರ ಹೆಸರಿಟ್ಟು ಉಳಿದವರನ್ನು 'ಉಳಿದವರು' ಎಂದಂತೆ ಇದು. ಹೀಗಾಗಿ ಪತಂಗ ಎಂಬ ಒಂದೇ ಮಾತಿನ ಕೆಳಗೆ ಒಂದಕ್ಕೊಂದು ತೀರ ದೂರದ ಜೀವಿಗಳು ಬಂದುಬಿಡುತ್ತವೆ. ವಿಜಯಪುರದ ತೊಗರಿಗೆ ಬೀಳುವ ಕಾಯಿಕೊರಕ ದೊಡ್ಡದಾದರೆ ಪತಂಗವೇ. ಇಳಕಲ್ ಸೀರೆಯ ಸೆರಗಿಗೆ ರೇಷ್ಮೆ ಕೊಡುವ ಹುಳುವಿನ ಕೊನೆಯ ರೂಪವೂ ಪತಂಗವೇ. ಗೋಡೆಗೆ ಕೂತ ಆ ದೊಡ್ಡದೂ ಪತಂಗವೇ. ಮೂರೂ ಬೇರೆ ಬೇರೆ ಕುಟುಂಬ.

ಗೋಡೆಯ ಮೇಲಿನದು ಅಟ್ಲಾಸ್ ಪತಂಗ, ಸಾಟರ್ನಿಡೇ ಕುಟುಂಬದ್ದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವ ಪ್ರಭೇದಕ್ಕೆ ಅಟ್ಟಾಕಸ್ ಟಾಪ್ರೊಬಾನಿಸ್ ಎಂದು ಹೆಸರು. ಟಾಪ್ರೊಬಾನೆ ಎಂಬುದು ಗ್ರೀಕರು ಶ್ರೀಲಂಕಾಕ್ಕೆ ಹೇಳುತ್ತಿದ್ದ ಹೆಸರು. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯಂತೆ ಬಾಗಿದೆ, ನಡುವೆ ಗಾಜಿನ ಚೂರಿನಂಥ ಪಾರದರ್ಶಕ ತ್ರಿಕೋನಗಳಿವೆ. ಚಿಟ್ಟೆಯೋ ಪತಂಗವೋ ತಿಳಿಯಲು ಮೀಸೆ ನೋಡಬೇಕು. ಚಿಟ್ಟೆಯ ಮೀಸೆ ಬೆಂಕಿಕಡ್ಡಿಯಂತೆ ತುದಿಯಲ್ಲಿ ಗುಂಡು, ಪತಂಗದ್ದು ದಾರದಂತೆ ಅಥವಾ ಗರಿಯಂತೆ. ಹಗಲು ಹಾರುವ ಪತಂಗಗಳೂ ಇರುವುದರಿಂದ ಹೊತ್ತು ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

'ಅಪಾಯದಲ್ಲಿದೆ' ಎನ್ನುವುದು ಯಾವ ಲೆಕ್ಕ?

ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಸ್ಥಾಪನೆಯಾದದ್ದು 1948ರಲ್ಲಿ. ಅದು 1964ರಿಂದ ಕೆಂಪುಪಟ್ಟಿ ನಡೆಸುತ್ತಿದೆ. ಪಟ್ಟಿಯಲ್ಲಿ ಒಂಬತ್ತು ಸ್ಥಿತಿಗಳಿವೆ. ಅವುಗಳಲ್ಲಿ ದುರ್ಬಲ, ಅಪಾಯಗ್ರಸ್ತ, ತೀವ್ರ ಅಪಾಯಗ್ರಸ್ತ ಎಂಬ ಮೂರನ್ನು ಮಾತ್ರ ಸೇರಿಸಿ 'ಅಳಿವಿನ ಭೀತಿಯಲ್ಲಿರುವವು' ಎನ್ನುತ್ತಾರೆ. ಈ ಸ್ಥಿತಿಗಳನ್ನು ಕೊಡಲು ಅಳತೆಗೋಲುಗಳಿವೆ.

ಒಂದು ಅಳತೆಗೋಲು ಇಳಿಕೆಯದು. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ನೂರಕ್ಕೆ 30ರಷ್ಟಾದರೂ ಕುಸಿದಿದ್ದರೆ 'ದುರ್ಬಲ'. ನೀರುನಾಯಿಯ ಮೂರು ತಲೆಮಾರು ಹತ್ತು ವರ್ಷವನ್ನು ಮೀರುತ್ತದೆ, ಹಾಗಾಗಿ ಅದನ್ನು ಅಷ್ಟು ದೀರ್ಘಕ್ಕೆ ಅಳೆಯಬೇಕು. ಅಟ್ಲಾಸ್ ಪತಂಗದ ಒಂದು ತಲೆಮಾರು ವರ್ಷದೊಳಗೆ ಮುಗಿಯುತ್ತದೆ. ಅದಕ್ಕೆ ಹತ್ತು ವರ್ಷವೇ ಅವಧಿ. ಅಂದರೆ ಹತ್ತು ಮಳೆಗಾಲ ಒಂದೇ ಜಾಗದಲ್ಲಿ ಒಂದೇ ರೀತಿ ಎಣಿಸಿದವರು ಬೇಕು. ಅಂಥ ಎಣಿಕೆ ಕೀಟಗಳಿಗೆ ಅಪರೂಪ.

ಇನ್ನೊಂದು ಅಳತೆಗೋಲು ನೆಲದ್ದು. ಒಂದು ಜೀವಿಯ ಹರವು 20,000 ಚದರ ಕಿಲೋಮೀಟರಿಗಿಂತ ಕಡಿಮೆ ಇದ್ದು, ಜೊತೆಗೆ ಅದರ ನೆಲೆ ತುಂಡಾಗುತ್ತಿರುವುದೋ, ಕುಗ್ಗುತ್ತಿರುವುದೋ, ಸಂಖ್ಯೆ ವಿಪರೀತ ಏರಿಳಿಯುವುದೋ ಇವುಗಳಲ್ಲಿ ಎರಡಾದರೂ ಕಂಡರೆ 'ದುರ್ಬಲ'. 20,000 ಎಂದರೆ ಎಷ್ಟು? ಬೆಳಗಾವಿ ಜಿಲ್ಲೆ ಸುಮಾರು 13,400, ಬಾಗಲಕೋಟೆ ಸುಮಾರು 6,600. ಎರಡು ಜಿಲ್ಲೆ ಕೂಡಿಸಿದಷ್ಟು. ಕೀಟಗಳಿಗೆ ಹೆಚ್ಚಾಗಿ ಬಳಸುವುದು ಈ ಅಳತೆ, ಏಕೆಂದರೆ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಎಲ್ಲಿವೆ ಎಂದು ನಕ್ಷೆ ಹಾಕುವುದು ಸುಲಭ.

ಜಗತ್ತಿನ ಸಸ್ತನಿಗಳಲ್ಲಿ ಬಹುಪಾಲು ಎಲ್ಲವನ್ನೂ ಪಟ್ಟಿ ಪರಿಶೀಲಿಸಿದೆ. ಹೆಸರಿಟ್ಟ ಸುಮಾರು ಹತ್ತು ಲಕ್ಷ ಕೀಟಗಳಲ್ಲಿ ನೂರಕ್ಕೆ ಒಂದೆರಡನ್ನಷ್ಟೇ. ಗೋಡೆಯ ಪತಂಗದ ಚಿತ್ರಕ್ಕೆ 'ಅಳಿವಿನಂಚು' ಎಂದು ಬರೆಯುವ ಮುನ್ನ ಈ ಅಂಕಿ ನೆನಪಿರಲಿ. ಕಾಣುವುದು ಅಪರೂಪ ಎಂದರೆ ಇರುವುದು ಅಪರೂಪ ಎಂದಲ್ಲ. ವಾರವೆರಡು ವಾರ ಬದುಕಿ, ರಾತ್ರಿ ಮಾತ್ರ ಹಾರುವುದು ನಮಗೆ ಕಾಣುವುದೇ ಕಡಿಮೆ.

ಸಸ್ತನಿಗಳಲ್ಲೂ ಪಟ್ಟಿ ಕೈಚೆಲ್ಲುವುದುಂಟು. ಖಾನಾಪುರ ತಾಲೂಕಿನ ಬಾರಾಪೆಡೆ ಗುಹೆಗಳ ರಾಟನ್ ಬಾವಲಿ ಒಂದು ಕಾಲಕ್ಕೆ 'ತೀವ್ರ ಅಪಾಯಗ್ರಸ್ತ' ಎಂದಿತ್ತು, ಆಮೇಲೆ 'ಮಾಹಿತಿ ಸಾಲದು' ಎಂಬ ಸ್ಥಿತಿಗೆ ಬಂತು. ಬಾವಲಿ ಸುರಕ್ಷಿತವಾಯಿತೆಂದು ಇದರ ಅರ್ಥವಲ್ಲ. ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕ ಮೇಲೆ, ಎಷ್ಟಿದೆಯೋ ಹೇಳಲಾಗದು ಎಂದು ಒಪ್ಪಿಕೊಂಡರು ಅಷ್ಟೆ. ಈ ಗುಹೆಗಳಿರುವ ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು.

ರೇಷ್ಮೆ ಹುಳು ಕೆಂಪುಪಟ್ಟಿಗೆ ಬರುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು ಹಾರುವುದನ್ನೇ ಮರೆತ ಸಾಕುಪ್ರಾಣಿ ಅದು, ಪಟ್ಟಿ ಇರುವುದು ಕಾಡಿನ ಜೀವಿಗಳಿಗೆ.

ಎರಡರಿಂದ ಐದು ಮರಿ, ಇನ್ನೂರು ಮೊಟ್ಟೆ

ನೀರುನಾಯಿ ಸುಮಾರು ಎರಡು ತಿಂಗಳು ಬಸಿರಿದ್ದು 2ರಿಂದ 5 ಮರಿ ಹಾಕುತ್ತದೆ. ಮರಿ ಕುರುಡಾಗಿ ಹುಟ್ಟುತ್ತದೆ, ಈಜು ಕಲಿಸಬೇಕು, ಮೀನು ಹಿಡಿಯುವುದನ್ನು ತೋರಿಸಬೇಕು. ಅದು ದೊಡ್ಡದಾಗಿ ಮರಿ ಹಾಕುವಷ್ಟರಲ್ಲಿ ಎರಡು ವರ್ಷವಾದರೂ ಆಗಿರುತ್ತದೆ. ಇಂಥಲ್ಲಿ ಬಲೆಗೆ ಸಿಕ್ಕಿ ಒಂದು ತಾಯಿ ಸತ್ತರೆ ಇಡೀ ಗುಂಪಿನ ಲೆಕ್ಕ ಕೆಡುತ್ತದೆ.

ಅಟ್ಲಾಸ್ ಹೆಣ್ಣು ಇನ್ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಹತ್ತು ಹದಿನೈದು ದಿನಕ್ಕೆ ಒಡೆದು, ಹುಳು ತಿಂಗಳಿಗೂ ಮೇಲೆ ಎಲೆ ಮೇಯ್ದು, ಮೈಮೇಲೆ ಬಿಳಿ ಮೇಣದ ಪುಡಿ ಹೊತ್ತು ಕೈಬೆರಳಿಗಿಂತ ದಪ್ಪವಾಗಿ, ಎಲೆ ಸುತ್ತಿ ಕಂದು ಗೂಡು ಕಟ್ಟುತ್ತದೆ. ಇನ್ನೂರರಲ್ಲಿ ಎರಡು ಉಳಿದು ಮತ್ತೆ ಮೊಟ್ಟೆಯಿಟ್ಟರೆ ಸಂಖ್ಯೆ ಹಾಗೇ ನಿಲ್ಲುತ್ತದೆ. ಉಳಿದವನ್ನು ಹಕ್ಕಿ, ಕಣಜ, ಹಲ್ಲಿ, ರೋಗ ತಿನ್ನಲಿಕ್ಕೇ ಲೆಕ್ಕ ಹಾಕಿದಂತಿದೆ. ಗೂಡಿನಿಂದ ಹೊರಬಂದ ಅಟ್ಲಾಸ್ ಪತಂಗಕ್ಕೆ ಕೆಲಸ ಮಾಡುವ ಬಾಯಿಯೇ ಇಲ್ಲ, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬು ಮುಗಿಯುವವರೆಗೆ ಬದುಕು. ಅಷ್ಟರಲ್ಲಿ ಹೆಣ್ಣು ಬಿಡುವ ವಾಸನೆಯನ್ನು ಗಂಡು ತನ್ನ ಅಗಲವಾದ ಗರಿಮೀಸೆಯಿಂದ ದೂರದಿಂದಲೇ ಹಿಡಿದು ಬರಬೇಕು.

ಹೀಗಾಗಿ 'ಉಳಿಸು' ಎಂಬ ಮಾತಿನ ಅರ್ಥವೇ ಎರಡಾಗುತ್ತದೆ. ನೀರುನಾಯಿಯಲ್ಲಿ ಒಂದೊಂದು ಪ್ರಾಣಿಯೂ ಲೆಕ್ಕಕ್ಕೆ ಬರುತ್ತದೆ. ಪತಂಗದಲ್ಲಿ ಲೆಕ್ಕಕ್ಕೆ ಬರುವುದು ಹುಳು ಮೇಯುವ ಗಿಡ.

ಹೊಳೆಯಲ್ಲಿ ಕೆಡುವುದು

ನೀರುನಾಯಿಗೆ ತಿಮಿಂಗಿಲದಂತೆ ಚರ್ಮದಡಿ ದಪ್ಪ ಕೊಬ್ಬಿಲ್ಲ. ಮೈ ಬೆಚ್ಚಗಿಡುವುದು ಎರಡು ಪದರದ ತುಪ್ಪಳ: ಹೊರಗೆ ಉದ್ದ ಕೂದಲು, ಒಳಗೆ ಗಾಳಿ ಹಿಡಿದಿಡುವ ದಟ್ಟ ತುಪ್ಪಳ. ನೀರಿಂದ ಬಂದು ಮರಳಲ್ಲಿ ಹೊರಳಾಡುವುದು ಈ ತುಪ್ಪಳ ಒಣಗಿಸಲು. ಮರಳು ತೆಗೆದ ಹೊಳೆಯಲ್ಲಿ ಅದಕ್ಕೆ ಹೊರಳುವ ಜಾಗವಿಲ್ಲ, ದಂಡೆ ಕುಸಿದರೆ ಬೇರಿನಡಿಯ ಬಿಲವೂ ಇಲ್ಲ. ದೊಡ್ಡ ನೀರುನಾಯಿಗೆ ದಿನಕ್ಕೆ ಸುಮಾರು ಒಂದು ಕಿಲೋ ಮೀನು ಬೇಕು. ಮದ್ದು ಸಿಡಿಸಿ ಅಥವಾ ವಿಷಪುಡಿ ಹಾಕಿ ಮೀನು ಹಿಡಿದರೆ ಆ ಮಡುವಿನ ಮರಿಮೀನೂ ಸಾಯುತ್ತದೆ, ಮುಂದಿನ ತಿಂಗಳುಗಳ ಊಟ ಹೋಯಿತು. ಕಾರ್ಖಾನೆಯ ಕೊಳೆನೀರು ಬಿಟ್ಟಾಗ ಮೀನು ಬಾಯಿ ತೆರೆದು ತೇಲುವುದು ನೀರಿನಲ್ಲಿ ಆಮ್ಲಜನಕ ಖಾಲಿಯಾಗಿ. ಕಟ್ಟಿಬಿಟ್ಟು ಹೋದ ಬಲೆ ಇನ್ನೊಂದು ತೊಂದರೆ: ನೀರುನಾಯಿಗೆ ಉಸಿರಾಡಲು ಮೇಲೆ ಬರಲೇಬೇಕು, ಸಿಕ್ಕಿಕೊಂಡರೆ ಕೆಲವೇ ನಿಮಿಷ.

ಮೀನುಗಾರರ ದೂರೂ ಸುಳ್ಳಲ್ಲ. ಬಲೆ ಹರಿದು ಮೀನು ತಿನ್ನುವುದನ್ನು ಅದು ಮಾಡುತ್ತದೆ. ರಾತ್ರಿಯಿಡೀ ಬಲೆ ಬಿಟ್ಟಿರುವ ಬದಲು ಬೆಳಕಿರುವಾಗಲೇ ಎತ್ತಿದರೆ ಎರಡೂ ಕಡೆಯ ನಷ್ಟ ತಗ್ಗುತ್ತದೆ.

ಗುಂಪೊಂದು ಹಲವು ಕಿಲೋಮೀಟರ್ ಹೊಳೆಯನ್ನು ತನ್ನದಾಗಿಸಿಕೊಂಡಿರುತ್ತದೆ. ಇದರ ಮನೆ ಚೌಕವಲ್ಲ, ಗೆರೆ. ಕೊಪ್ಪಳ-ಬಳ್ಳಾರಿ ಭಾಗದಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಉದ್ದವನ್ನು, ಮುದ್ಲಾಪುರದಿಂದ ಕಂಪ್ಲಿವರೆಗೆ, 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಇದೇ ಕಾರಣಕ್ಕೆ ಉದ್ದುದ್ದವಾಗಿದೆ. ತುಂಗಭದ್ರೆ ಮುಂದೆ ನಮ್ಮ ಕೃಷ್ಣೆಯನ್ನೇ ಸೇರುವುದು. ಗೆರೆಯ ನಡುವೆ ಒಂದು ಕಡೆ ತುಂಡಾದರೂ ಎರಡು ತುದಿಯ ಗುಂಪುಗಳು ಒಂದನ್ನೊಂದು ಸೇರಲಾರವು.

ಕಾನೂನು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನೀರುನಾಯಿ ಹಿಡಿಯುವುದು, ಸಾಕುವುದು, ತೊಗಲು ಮಾರುವುದು ಅಪರಾಧ. ಮರಿಗಳನ್ನು ಸಾಕಲು ಮಾರುವ ದಂಧೆ ಹೆಚ್ಚಿದ್ದರಿಂದ ನಯ ತುಪ್ಪಳದ್ದು ಮತ್ತು ಸಣ್ಣ ಉಗುರಿನದನ್ನು 2019ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಏರಿಸಿದರು, ಅಂದರೆ ದೇಶದೇಶಗಳ ನಡುವೆ ವ್ಯಾಪಾರಕ್ಕೆ ಬೀಗ.

ರಾತ್ರಿಯಲ್ಲಿ ಕೆಡುವುದು

ಅಟ್ಲಾಸ್ ಕುಲದ ಹುಳುಗಳು ದಾಲ್ಚಿನ್ನಿ, ಪೇರಲ, ನಿಂಬೆ ಜಾತಿಯ ಗಿಡಗಳನ್ನು ಮೇಯುತ್ತವೆ. ಬೇಸಿಗೆಯಲ್ಲಿ ಬೇಲಿ ಸವರಿ ಸುಡುವಾಗ ಒಣ ಎಲೆಯಂತೆ ನೇತಾಡುವ ಗೂಡೂ ಬೂದಿಯಾಗುತ್ತದೆ. ಗೂಡಿನೊಳಗಿನ ಕೋಶ ಮಳೆಗಾಗಿ ಕಾಯುತ್ತಿರುತ್ತದೆ. ಸವರಲೇಬೇಕಾದರೆ ಕೊಂಬೆಗಳನ್ನು ಸುಡದೆ ನೆರಳಲ್ಲಿ ಒಂದು ಮೂಲೆಗೆ ಒಟ್ಟಿ, ಮಳೆ ಬಂದು ತಿಂಗಳಾದ ಮೇಲೆ ತೆಗೆದರೆ ಆಯಿತು.

ಇನ್ನೊಂದು ಕಾರಣ ದೀಪ. ನೀಲಿ ಮತ್ತು ಅತಿನೇರಳೆ ಕಿರಣ ಹೆಚ್ಚಿರುವ ಬಿಳಿ ದೀಪಕ್ಕೆ ಪತಂಗಗಳು ಹೆಚ್ಚು ಮುತ್ತುತ್ತವೆ. ಇಡೀ ರಾತ್ರಿ ಸುತ್ತಿ ಸುತ್ತಿ ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ, ಅಟ್ಲಾಸ್‌ನಂಥ ಬಾಯಿಲ್ಲದ ಜೀವಿ ಅದನ್ನು ಮತ್ತೆ ತುಂಬಿಕೊಳ್ಳಲಾರದು. ಅಂಗಳದ ದೀಪಕ್ಕೆ ಹಳದಿ ಬಲ್ಬು, ಬೆಳಕು ನೆಲಕ್ಕಷ್ಟೇ ಬೀಳುವಂತೆ ಮೇಲೊಂದು ತಗಡಿನ ಮರೆ, ಮಲಗುವಾಗ ಸ್ವಿಚ್ ಆಫ್. ಇಷ್ಟೇ ಉಪಾಯ.

ಹೊಲದವರು ಕೇಳುವ ಪ್ರಶ್ನೆ ಬೇರೆ: ತೊಗರಿ ತಿನ್ನುವುದನ್ನೂ ಉಳಿಸಬೇಕೇ? ಬೇಕಿಲ್ಲ. ಆದರೆ ಬಲೆಯಲ್ಲಿ ಆಯ್ಕೆ ಇದೆ. ಕಾಯಿಕೊರಕಕ್ಕೆ ಹೆಕ್ಟೇರಿಗೆ 5 ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯ ಗುಳಿಗೆ ಇಟ್ಟ ಬಲೆ, ಕಟ್ಟಿದರೆ ಆ ವಾಸನೆಗೆ ಆ ಪ್ರಭೇದದ ಗಂಡು ಮಾತ್ರ ಬೀಳುತ್ತದೆ. ಬಲೆಯನ್ನು ಪೈರಿನ ತುದಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿ, ವಾಸನೆಯ ಗುಳಿಗೆಯನ್ನು 15-20 ದಿನಕ್ಕೊಮ್ಮೆ ಬದಲಿಸಬೇಕು. ಹಳೆ ಗುಳಿಗೆ ಬಿಟ್ಟುಕೊಂಡು 'ಹುಳ ಬಿದ್ದೇ ಇಲ್ಲ' ಎಂದು ನೆಮ್ಮದಿಯಾಗಿ ಕೂತವರು ಮೋಸ ಹೋಗುತ್ತಾರೆ. ದೀಪದ ಬಲೆಗೆ ಈ ಭೇದ ತಿಳಿಯದು, ಅದು ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತದೆ.

ಇದ್ದಾವೆಯೇ ಎಂದು ನೋಡುವುದು

ನೀರುನಾಯಿಯನ್ನು ಹುಡುಕಬೇಡಿ, ಅದರ ಹಿಕ್ಕೆ ಹುಡುಕಿ. ಎತ್ತರದ ಬಂಡೆ, ಮರಳದಿಬ್ಬ, ಹಳ್ಳ ಹೊಳೆ ಸೇರುವ ಬಾಯಿ, ಇಲ್ಲಿ ಅದು ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಹಿಕ್ಕೆಯಲ್ಲಿ ಮೀನಿನ ಹುರುಪೆ, ಮುಳ್ಳು ತುಂಬಿದ್ದರೆ ನಯ ತುಪ್ಪಳದ್ದಿರಬಹುದು. ಏಡಿ ಚಿಪ್ಪಿನ ಚೂರೇ ಹೆಚ್ಚಿದ್ದರೆ ಸಣ್ಣ ಉಗುರಿನದು. ಹೆಜ್ಜೆ ಎಣಿಸಿ: ನಾಯಿಗೆ ನಾಲ್ಕು ಬೆರಳು ಮೂಡುತ್ತವೆ, ನೀರುನಾಯಿಗೆ ಐದು, ಹಸಿ ಮಣ್ಣಲ್ಲಿ ಬೆರಳ ನಡುವಿನ ಪೊರೆಯ ಗುರುತೂ. ಒಣಮರಳಲ್ಲಿ ಐದನೇ ಬೆರಳು ಮೂಡದೆ ನಾಯಿಯೆಂದು ತಪ್ಪುವುದೇ ಹೆಚ್ಚು. ಅದಕ್ಕೇ ನೀರಂಚಿನ ಕೆಸರಲ್ಲಿ ನೋಡಬೇಕು. ಮಳೆಗಾಲದಲ್ಲಿ ಎಲ್ಲ ತೊಳೆದುಹೋಗುವುದರಿಂದ ಚಳಿಗಾಲದಿಂದ ಬೇಸಿಗೆವರೆಗೆ ಒಳ್ಳೆಯ ಕಾಲ.

ಪತಂಗಕ್ಕೆ ಬಿಳಿ ಧೋತರ ಸಾಕು. ಎರಡು ಗಳುವಿನ ನಡುವೆ ಬಿಗಿಯಾಗಿ ಕಟ್ಟಿ, ಮುಂದೆ ಅತಿನೇರಳೆ ದೀಪ ಇಟ್ಟು, ಸಂಜೆ 7ರಿಂದ 10ರವರೆಗೆ ಫೋಟೋ ತೆಗೆಯಿರಿ. ಅಮಾವಾಸ್ಯೆ ಆಸುಪಾಸು, ಮಳೆ ನಿಂತ ಸೆಕೆಯ ರಾತ್ರಿ ಹೆಚ್ಚು ಬರುತ್ತವೆ. ಹುಣ್ಣಿಮೆಗೆ ದೀಪದ ಆಕರ್ಷಣೆ ಕಮ್ಮಿ. ಮುಗಿದ ಮೇಲೆ ದೀಪ ಆರಿಸಿ, ಬಟ್ಟೆಯಿಂದ ಪತಂಗಗಳನ್ನು ಪೊದೆಗೆ ಸರಿಸಬೇಕು. ಬಿಟ್ಟುಹೋದರೆ ಬೆಳಿಗ್ಗೆ ಕಾಜಾಣಕ್ಕೆ ಔತಣ. ಜುಲೈ ಕೊನೆಯ ವಾರದ 'ರಾಷ್ಟ್ರೀಯ ಪತಂಗ ಸಪ್ತಾಹ'ಕ್ಕೆ 2012ರಿಂದ ಜಗತ್ತಿನಾದ್ಯಂತ ಜನ ಹೀಗೇ ಎಣಿಸುತ್ತಾರೆ. ಅಭಯಾರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಬೇಡ, ಅಲ್ಲಿ ಕೀಟವೂ ಕಾಯ್ದೆಯ ರಕ್ಷಣೆಯಲ್ಲಿದೆ.

ಕಣ್ಣಿಗೆ ಬಿದ್ದರೆ

ದಂಡೆಯಲ್ಲಿ ನೀರುನಾಯಿ ಮರಿ ಒಂಟಿಯಾಗಿ ಕೂಗುತ್ತಿದ್ದರೆ ಎತ್ತಿಕೊಳ್ಳಬೇಡಿ. ತಾಯಿ ಊಟಕ್ಕೆ ಹೋಗಿರುವುದೇ ಹೆಚ್ಚು. ನಾಯಿಗಳನ್ನು ಕಟ್ಟಿ, ದೂರ ಸರಿದು ಕಾಯಿರಿ. ಹಾಲು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಿ ಸಾಯುವ ಅಪಾಯವಿದೆ. ಗಾಯವಿದ್ದರೆ, ಬಲೆಗೆ ಸಿಕ್ಕಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಜಾಗದ ಗುರುತು ಸಮೇತ ತಿಳಿಸಿ.

ಗೋಡೆಯ ಅಟ್ಲಾಸ್ ಪತಂಗಕ್ಕೆ ಸಕ್ಕರೆ ನೀರು ಇಡುವವರಿದ್ದಾರೆ. ಕುಡಿಯಲು ಅದಕ್ಕೆ ಬಾಯಿಲ್ಲ. ರೆಕ್ಕೆ ಹಿಡಿದು ಎತ್ತಿದರೆ ಹುರುಪೆ ಉದುರುತ್ತದೆ. ಕಾಲಿನ ಮುಂದೆ ಒಂದು ಕಡ್ಡಿ ಹಿಡಿದರೆ ತಾನೇ ಹತ್ತಿಕೊಳ್ಳುತ್ತದೆ. ಬೆಕ್ಕು, ಹಲ್ಲಿಗೆ ಎಟುಕದ ಪೇರಲ ಕೊಂಬೆಗೋ ಬೇಲಿಯ ನೆರಳಿಗೋ ಬಿಟ್ಟು, ಆ ರಾತ್ರಿ ಅಂಗಳದ ದೀಪ ಹಚ್ಚಬೇಡಿ.